ತೋಟದ ರೋಗಗಳ ನಿರ್ಣಯದಲ್ಲಿ ಡಿ.ಎನ್.ಎ. ಮತ್ತು ಆರ್.ಎನ್.ಎ.ಗಳ ಪರೀಕ್ಷೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಅಡಕೆ ತೋಟಗಳಿಗೆ ಕೊಳೆರೋಗವೆಂಬುದು ಪ್ರತಿ ಮಳೆಗಾಲದಲ್ಲಿಯೂ ತಪ್ಪದೆ ಬರುವ ಪೀಡೆಯಾಗಿರುವುದು. ಅದಕ್ಕೆ ಕಾರಣವಾದ ಬೂಷ್ಟಿನಂತಹ ಜೀವಿಯನ್ನು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ ಎಂಬ ವಿದ್ವಾಂಸರು ಸೂಕ್ಷ್ಮದರ್ಶಕ ಯಂತ್ರದಲ್ಲಿ ಕಂಡು, ೧೯೧೦ರಲ್ಲಿಯೇ ಅದನ್ನು ವಿಸ್ತಾರವಾಗಿ ವರ್ಣಿಸಿ ಬರೆದರು. ಕಣ್ಣಿಗೆ ಸಿಕ್ಕಿದ ಶತ್ರುವಾದುದರಿಂದ, ಮೈಲುತುತ್ತು ಸುಣ್ಣಗಳನ್ನು ಬೆರೆಸಿದ ಬೋರ್ಡೋ ದ್ರಾವಣದಿಂದ ಅದನ್ನು ತಡೆಯುವ ಮಾರ್ಗವೂ ರೂಢಿಗೆ ಬಂದಿತು. ಆದರೆ ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು, ತೊಡಿಕಾನ ಮುಂತಾದ ಗ್ರಾಮಗಳಲ್ಲಿ ತೋಟಕ್ಕೆ ತೋಟವನ್ನೇ ಬರಿದು ಮಾಡಿದ ಹಳದಿ ಎಲೆ ರೋಗದ ಸಂಗತಿಯು ಹಾಗಿಲ್ಲ. ಆ ರೋಗದ ಮೂಲವು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಸಿಕ್ಕುವಂತಹದಲ್ಲ; ಅದನ್ನು ಬೇರೊಂದು ಪಾತ್ರೆಯಲ್ಲಿ ಸಾಕಿ ಬೆಳೆಸಿ ನೋಡುವುದೂ ಸುಲಭಸಾಧ್ಯವಲ್ಲ. ಹೀಗಿರುವಲ್ಲಿ ಎಲೆಯೊಳಗೆ ಅಡಗಿದವನ ಗುರುತನ್ನು ಅವನ ವಂಶದ್ರವ್ಯದಿಂದಲೇ ಹಿಡಿಯಬೇಕಾಗುವುದು. ಆ ವಂಶದ್ರವ್ಯವು ಎರಡು ಬಗೆಯದು, ಒಂದಕ್ಕೆ ಡಿ.ಎನ್.ಎ. ಎಂದೂ ಇನ್ನೊಂದಕ್ಕೆ ಆರ್.ಎನ್.ಎ. ಎಂದೂ ಹೆಸರು.

ಈಗ ಊರಿನ ಹಿರಿಯರ ಕೈಗೂ ತೋಟದ ಯಜಮಾನರ ಕೈಗೂ ಪ್ರಯೋಗಶಾಲೆಗಳಿಂದ ವರದಿಗಳು ಬರುತ್ತಿರುವುವು. ಅವುಗಳಲ್ಲಿ "ಪಿ.ಸಿ.ಆರ್.", "ಆರ್.ಟಿ. ಪಿ.ಸಿ.ಆರ್.", "ನೆಗೆಟಿವ್" ಮುಂತಾದ ಅಕ್ಷರಗಳಿರುವುವು. ಒಂದು ಪರೀಕ್ಷೆಯಲ್ಲಿ "ಇಲ್ಲ" ಎಂದು ಬಂದ ಮಾತ್ರಕ್ಕೆ ತೋಟಕ್ಕೆ ರೋಗವೇ ಇಲ್ಲವೆಂದು ತಿಳಿದು ಪಕ್ಕದ ಜಮೀನಿಗೆ ಅಲ್ಲಿಯ ಗಿಡಗಳನ್ನೇ ಕೊಂಡೊಯ್ಯುವವರೂ ಉಂಟು. "ಇದೆ" ಎಂದು ಬಂದ ಕೂಡಲೇ ಇಪ್ಪತ್ತು ವರ್ಷದ ಮರಗಳಿಗೆ ಕೊಡಲಿಯಿಡುವವರೂ ಉಂಟು. ಪರೀಕ್ಷೆಯು ಯಾವ ಪ್ರಶ್ನೆಯನ್ನು ಕೇಳಿತು, ಯಾವುದನ್ನು ಕೇಳಲಿಲ್ಲ ಎಂಬುದನ್ನು ತಿಳಿಯದೆ ಈ ಎರಡು ಕೆಲಸಗಳಲ್ಲಿ ಯಾವುದನ್ನೂ ಮಾಡತಕ್ಕದ್ದಲ್ಲ. ಆದಕಾರಣ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಇಲ್ಲಿ ಬರೆಯಲಾಗಿದೆ.

ಎರಡು ದ್ರವ್ಯಗಳ ಸ್ವರೂಪ

ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಭದ್ರವಾಗಿ ಇಟ್ಟ ಮೂಲ ದಾಖಲೆಗೂ, ದಿನದ ಕೆಲಸಕ್ಕಾಗಿ ಅದರಿಂದ ತೆಗೆದ ನಕಲಿಗೂ ಇರುವ ಸಂಬಂಧವೇ ಸಾಮಾನ್ಯವಾಗಿ ಈ ಎರಡಕ್ಕೂ ಇರುವುದು. ಅಡಕೆ ಮರ, ಹಸು, ಮನುಷ್ಯ, ಬೂಷ್ಟು, ಬಾಕ್ಟೀರಿಯ ಇವುಗಳೆಲ್ಲದರ ಮೂಲ ದಾಖಲೆಯು ಡಿ.ಎನ್.ಎ.; ಜೀವಕೋಶದೊಳಗೆ ಆಯಾ ಹೊತ್ತಿನ ಕೆಲಸಕ್ಕೆ ಬೇಕಾದ ಭಾಗವನ್ನು ಮಾತ್ರ ಆರ್.ಎನ್.ಎ. ಎಂಬ ನಕಲಾಗಿ ತೆಗೆದು ಉಪಯೋಗಿಸಿ, ಕೆಲಸ ತೀರಿದೊಡನೆ ಅದನ್ನು ಹರಿದೊಗೆಯಲಾಗುವುದು. ವೈರಸುಗಳಲ್ಲಿ ಮಾತ್ರ ಈ ನಿಯಮವು ನಡೆಯದು. ಕೆಲವು ವೈರಸುಗಳು ಡಿ.ಎನ್.ಎ.ಯನ್ನೇ ಹೊತ್ತಿರುವುವು, ಬೆಳೆಗಳನ್ನು ಕಾಡುವ ವೈರಸುಗಳಲ್ಲಿ ಹೆಚ್ಚಿನವು ಆರ್.ಎನ್.ಎ.ಯನ್ನು ಮಾತ್ರ ಹೊತ್ತಿರುವುವು. ಇವಕ್ಕೆ ಮೂಲ ದಾಖಲೆಯೆಂಬುದೇ ಇಲ್ಲ. ನಕಲಿನ ಹಾಳೆಯೊಂದರಿಂದಲೇ ಸಂಸಾರ ನಡೆಸುವುವು.

೧೮೬೯ರಲ್ಲಿ ಮೀಷರ್ ಎಂಬ ಸ್ವಿಸ್ ವೈದ್ಯನು ಜರ್ಮನಿಯ ಟ್ಯೂಬಿಂಗನ್ ಪಟ್ಟಣದಲ್ಲಿ, ಆಸ್ಪತ್ರೆಯ ಗಾಯದ ಪಟ್ಟಿಗಳಿಗೆ ಅಂಟಿದ ಕೀವಿನಿಂದ ಈ ವರ್ಗದ ದ್ರವ್ಯವನ್ನು ಮೊದಲಾಗಿ ಬೇರ್ಪಡಿಸಿದನು. ಅದರೊಳಗಿನ ಸಕ್ಕರೆಗಳು ಎರಡು ವಿಧವೆಂಬುದನ್ನು ಲೆವೀನ್ ಎಂಬ ರಸಾಯನಶಾಸ್ತ್ರಜ್ಞನು ೧೯೦೯ರಲ್ಲಿಯೂ ೧೯೨೯ರಲ್ಲಿಯೂ ನಿರ್ಣಯಿಸಿದನು. ಆರ್.ಎನ್.ಎ.ಯಲ್ಲಿರುವ ಸಕ್ಕರೆಯು ರೈಬೋಸ್, ಡಿ.ಎನ್.ಎ.ಯಲ್ಲಿರುವುದು ಅದೇ ಸಕ್ಕರೆಯ ಒಂದು ಜಾಗದಲ್ಲಿ ಆಮ್ಲಜನಕದ ಒಂದು ಪರಮಾಣು ಕಡಿಮೆಯಾದುದು. ಇದಲ್ಲದೆ ಡಿ.ಎನ್.ಎ.ಯಲ್ಲಿ ಥೈಮಿನ್ ಎಂಬ ಅಕ್ಷರವು ಇರುವ ಕಡೆ ಆರ್.ಎನ್.ಎ.ಯಲ್ಲಿ ಯುರಾಸಿಲ್ ಇರುವುದು. ಡಿ.ಎನ್.ಎ.ಯು ಬಹುಮಟ್ಟಿಗೆ ಎರಡು ಎಳೆಗಳನ್ನು ಹೊಸೆದ ಹಗ್ಗದಂತಿದ್ದರೆ, ಆರ್.ಎನ್.ಎ.ಯು ಹೆಚ್ಚಾಗಿ ಒಂಟಿ ಎಳೆಯಾಗಿ ತನ್ನ ಮೇಲೆಯೇ ಮಡಚಿಕೊಂಡಿರುವುದು. ಒಂದು ಪರಮಾಣುವಿನ ಈ ಭೇದವು ಅತ್ಯಲ್ಪವೆಂದು ತೋರಬಹುದಾದರೂ, ಒಂದು ದ್ರವ್ಯವು ವರ್ಷಗಟ್ಟಲೆ ಬಾಳುವುದಕ್ಕೂ ಇನ್ನೊಂದು ಗಳಿಗೆಗಳಲ್ಲಿ ನಾಶವಾಗುವುದಕ್ಕೂ ಮುಖ್ಯ ಕಾರಣವು ಅದೇ.

ಬಣ್ಣದಿಂದಲೂ ಕ್ಷಾರದಿಂದಲೂ ಗುರುತಿಸುವುದು

ಕಾಲೇಜಿನಲ್ಲಿ ಜೀವರಸಾಯನವನ್ನು ಓದುವ ನಿಮ್ಮ ಮಕ್ಕಳು ಈ ಎರಡು ದ್ರವ್ಯಗಳ ಭೇದವನ್ನು ಗಾಜಿನ ನಳಿಗೆಯಲ್ಲಿಯೇ ತೋರಿಸಬಲ್ಲರು. ಡೈಫಿನೈಲಮೀನ್ ಎಂಬ ವಸ್ತುವನ್ನು ಗಟ್ಟಿ ಅಸೆಟಿಕ್ ಆಮ್ಲದಲ್ಲಿ ಕರಗಿಸಿ, ಸ್ವಲ್ಪ ಗಂಧಕಾಮ್ಲವನ್ನು ಸೇರಿಸಿ, ಪರೀಕ್ಷಿಸಬೇಕಾದ ದ್ರವದೊಡನೆ ಬೆರೆಸಿ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ, ಡಿ.ಎನ್.ಎ. ಇದ್ದಲ್ಲಿ ದ್ರವವು ನೀಲಿಯಾಗುವುದು. ಇದು ೧೯೩೦ರಲ್ಲಿ ಡಿಷೆ ಎಂಬವನು ತಿಳಿಸಿದ ಕ್ರಮ. ಆರ್ಸಿನಾಲ್ ಎಂಬ ಇನ್ನೊಂದು ವಸ್ತುವನ್ನು ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಕಬ್ಬಿಣದ ಲವಣದೊಡನೆ ಹಾಗೆಯೇ ಕಾಯಿಸಿದರೆ, ಆರ್.ಎನ್.ಎ. ಇದ್ದಲ್ಲಿ ಹಸುರು ಬಣ್ಣವು ತೋರುವುದು.

ಆದರೆ ಈ ಹಸುರಿಗೆ ಮರುಳಾಗಕೂಡದು. ಆರ್ಸಿನಾಲ್ ಎಂಬುದು ಐದು ಇಂಗಾಲದ ಯಾವುದೇ ಸಕ್ಕರೆಯೊಡನೆ ಬಣ್ಣಗೂಡುವ ಸ್ವಭಾವದ್ದು. ಗಿಡಮರಗಳ ನಾರಿನಲ್ಲಿಯೂ ಅಂಟಿನಲ್ಲಿಯೂ ಇಂತಹ ಸಕ್ಕರೆಗಳು ಧಾರಾಳವಾಗಿ ಇರುವುದರಿಂದ, ಚೆನ್ನಾಗಿ ಶೋಧಿಸದ ಎಲೆಯ ರಸದಲ್ಲಿ ಹಸುರು ಕಂಡರೆ ಅದು ಆರ್.ಎನ್.ಎ.ಯದೆಂದು ಹೇಳಲಾಗದು.

ಕ್ಷಾರದ ಪರೀಕ್ಷೆಯು ಇದಕ್ಕಿಂತ ನಿಶ್ಚಿತವಾದುದು. ತೆಳುವಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಹಾಕಿ, ಮನುಷ್ಯನ ಮೈಯ ಶಾಖದಲ್ಲಿ ಒಂದು ರಾತ್ರಿ ಇಟ್ಟರೆ, ಆರ್.ಎನ್.ಎ.ಯು ತುಂಡುತುಂಡಾಗಿ ಬಿಡಿ ಅಕ್ಷರಗಳಾಗುವುದು, ಡಿ.ಎನ್.ಎ.ಯ ಎರಡು ಎಳೆಗಳು ಬಿಚ್ಚಿಕೊಂಡರೂ ಎಳೆಗಳು ಮಾತ್ರ ತುಂಡಾಗವು. ಆ ಹೆಚ್ಚಿನ ಆಮ್ಲಜನಕದ ಪರಮಾಣುವೇ ಇಲ್ಲಿ ಆರ್.ಎನ್.ಎ.ಗೆ ಮೃತ್ಯುವಾಗುವುದು. ೧೯೪೫ರಿಂದ ಈಚೆಗೆ ಒಂದೇ ಅಂಗಾಂಶದಲ್ಲಿ ಇವೆರಡರ ಪ್ರಮಾಣವನ್ನು ಬೇರೆಬೇರೆಯಾಗಿ ಅಳೆಯುವುದಕ್ಕೆ ಈ ಗುಣವೇ ಆಧಾರವಾಯಿತು.

ಕಿಣ್ವಗಳಿಂದ ಮಾಡುವ ಪರೀಕ್ಷೆಯೂ ಇದೇ ಜಾಡಿನದು. ಡಿ.ಎನ್.ಏಸ್ ಎಂಬ ಕಿಣ್ವವು ಡಿ.ಎನ್.ಎ.ಯನ್ನು ಮಾತ್ರ ಕತ್ತರಿಸುವುದು, ಆರ್.ಎನ್.ಏಸ್ ಎಂಬುದು ಆರ್.ಎನ್.ಎ.ಯನ್ನು ಮಾತ್ರ. ಒಂದು ದ್ರವವನ್ನು ಎರಡು ಪಾಲು ಮಾಡಿ ಒಂದೊಂದಕ್ಕೆ ಒಂದೊಂದು ಕಿಣ್ವವನ್ನು ಸೇರಿಸಿ, ಬಳಿಕ ಅಗರಿನ ಲೋಳೆಯಲ್ಲಿ ವಿದ್ಯುತ್ತನ್ನು ಹಾಯಿಸಿ ಓಡಿಸಿದರೆ, ಯಾವ ಪಾಲಿನಲ್ಲಿ ಗೆರೆಯು ಮಾಯವಾಯಿತೋ ಅದರಿಂದ ದ್ರವ್ಯದ ಜಾತಿಯು ಗೊತ್ತಾಗುವುದು. ಇಲ್ಲಿ ಒಂದು ಮಾತನ್ನು ಹೇಳಬೇಕು. ಆರ್.ಎನ್.ಎ.ಯನ್ನು ತಿನ್ನುವ ಕಿಣ್ವವು ಮನುಷ್ಯನ ಬೆರಳಿನ ಬೆವರಿನಲ್ಲಿಯೂ, ಧೂಳಿನಲ್ಲಿಯೂ, ಎಲೆಯೊಳಗೂ ಇರುವುದು. ಕುದಿಸಿದರೂ ಸುಲಭವಾಗಿ ಸಾಯದು. ಪ್ರಯೋಗಶಾಲೆಯವರು ಕೈಚೀಲ ತೊಟ್ಟು ಗಳಿಗೆ ಗಳಿಗೆಗೆ ಅದನ್ನು ಬದಲಿಸುವುದು ಮಡಿವಂತಿಕೆಯ ಆಡಂಬರವಲ್ಲ.

ಇನ್ನು ಅತಿನೇರಳೆ ಬೆಳಕಿನ ಅಳತೆ. ಡಿ.ಎನ್.ಎ. ಆರ್.ಎನ್.ಎ.ಗಳೆರಡೂ ೨೬೦ ನ್ಯಾನೋಮೀಟರ್ ಅಲೆಯುದ್ದದ ಬೆಳಕನ್ನು ನುಂಗುವುವು; ೨೮೦ರಲ್ಲಿ ನುಂಗಿದುದರೊಡನೆ ಹೋಲಿಸಿದರೆ ಶುದ್ಧವಾದ ಡಿ.ಎನ್.ಎ.ಗೆ ಸುಮಾರು ೧.೮, ಶುದ್ಧವಾದ ಆರ್.ಎನ್.ಎ.ಗೆ ಸುಮಾರು ೨.೦ ಎಂಬ ಪ್ರಮಾಣವು ಬರುವುದು. ಇದು ದ್ರವ್ಯದ ಮೊತ್ತವನ್ನೂ ಶುಚಿಯನ್ನೂ ತಿಳಿಸುವ ತಕ್ಕಡಿಯೇ ಹೊರತು ಜಾತಿಯನ್ನು ಖಂಡಿತವಾಗಿ ಹೇಳುವ ಸಾಕ್ಷಿಯಲ್ಲ.

ಯಾರ ಡಿ.ಎನ್.ಎ., ಯಾರ ಆರ್.ಎನ್.ಎ.?

ಮೇಲೆ ಹೇಳಿದುದೆಲ್ಲವೂ ಶುದ್ಧವಾಗಿ ಬೇರ್ಪಡಿಸಿದ ದ್ರವ್ಯದ ವಿಷಯ. ತೋಟದಿಂದ ಬಂದ ಎಲೆಯ ಚೂರಿನಲ್ಲಿ ಅಡಕೆ ಮರದ ಡಿ.ಎನ್.ಎ.ಯೂ ಆರ್.ಎನ್.ಎ.ಯೂ ರಾಶಿಯಾಗಿರುವುವು, ಅದರೊಳಗೆ ರೋಗಕಾರಕದ್ದು ಬತ್ತದ ಕಣಜದಲ್ಲಿ ಬಿದ್ದ ರಾಗಿಕಾಳಿನಷ್ಟು. ಎಲೆಯು ನೀಲಿಗೂ ಹಸುರಿಗೂ ಒಲಿಯುವುದು ನಿಶ್ಚಯ. ಆದರೆ ಅದರಿಂದ ರೋಗದ ವಿಷಯವಾಗಿ ಏನೂ ತಿಳಿಯದು. ಬೇಕಾದದ್ದು ಒಂದು ನಿರ್ದಿಷ್ಟ ಬರಹವಿರುವ ದ್ರವ್ಯವನ್ನು ಆ ರಾಶಿಯಿಂದ ಹೆಕ್ಕಿ ತೆಗೆಯುವ ಉಪಾಯ.

ಆ ಉಪಾಯವನ್ನು ೧೯೮೩ರಲ್ಲಿ ಅಮೇರಿಕದ ಕ್ಯಾರಿ ಮುಲ್ಲಿಸ್ ಎಂಬವರು ಕಂಡುಹಿಡಿದರು, ಇದೇ ಪಿ.ಸಿ.ಆರ್. ಹುಡುಕಬೇಕಾದ ಬರಹದ ಮೊದಲಿಗೂ ಕೊನೆಗೂ ಸರಿಯಾಗಿ ಹೊಂದುವ ಎರಡು ಚಿಕ್ಕ ತುಣುಕುಗಳನ್ನು ಹಾಕಿ, ದ್ರವವನ್ನು ಸುಮಾರು ೯೫ ಡಿಗ್ರಿಗೆ ಕಾಯಿಸಿ, ತಣಿಸಿ, ಮತ್ತೆ ೭೨ ಡಿಗ್ರಿಗೆ ತಂದರೆ, ಬಿಸಿನೀರಿನ ಬುಗ್ಗೆಯ ಬಾಕ್ಟೀರಿಯದಿಂದ ಪಡೆದ ಕಿಣ್ವವೊಂದು ಆ ಭಾಗವನ್ನು ಇಮ್ಮಡಿಯಾಗಿಸುವುದು. ಹೀಗೆ ೩೦ ಸುತ್ತುಗಳನ್ನು ನಡೆಸಿದರೆ, ಲೆಕ್ಕದ ಪ್ರಕಾರ ಒಂದು ಪ್ರತಿಯಿಂದ ೧೦೭ ಕೋಟಿಗೆ ಮೇಲ್ಪಟ್ಟು ಪ್ರತಿಗಳು ಆಗುವುವು. ಹುಡುಕಿದ ಬರಹವು ಎಲೆಯಲ್ಲಿ ಇಲ್ಲದಿದ್ದರೆ ಏನೂ ಬೆಳೆಯದು.

ಆದರೆ ಈ ಕಿಣ್ವವು ಮೂಲ ದಾಖಲೆಯನ್ನು ಮಾತ್ರ ಸ್ವೀಕರಿಸುವ ಗುಮಾಸ್ತನಂತಹದು. ಡಿ.ಎನ್.ಎ.ಯನ್ನು ಓದುವುದೇ ಹೊರತು ಆರ್.ಎನ್.ಎ.ಯನ್ನು ಕಣ್ಣೆತ್ತಿಯೂ ನೋಡದು. ಆದುದರಿಂದ ಆರ್.ಎನ್.ಎ. ವೈರಸನ್ನು ಹುಡುಕಬೇಕಾದರೆ, ಮೊದಲು ಅದರ ಬರಹವನ್ನು ಡಿ.ಎನ್.ಎ.ಗೆ ಪರಿವರ್ತಿಸಿಕೊಳ್ಳಬೇಕು. ಈ ಕಾರ್ಯವನ್ನು ಮಾಡುವ ಕಿಣ್ವಕ್ಕೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂದು ಹೆಸರು. ಇದನ್ನು ೧೯೭೦ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಎಂಬ ಇಬ್ಬರು ವಿದ್ವಾಂಸರು ಬೇರೆಬೇರೆಯಾಗಿ ಕಂಡುಹಿಡಿದು ೧೯೭೫ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ೨೦೨೦ರ ಮಹಾಮಾರಿಯಲ್ಲಿ ಮೂಗು ಗಂಟಲುಗಳ ದ್ರವವನ್ನು ತೆಗೆದು ಮಾಡಿದ ಪರೀಕ್ಷೆಯ ಹೆಸರಿನಲ್ಲಿ "ಆರ್.ಟಿ." ಎಂಬ ಎರಡು ಅಕ್ಷರಗಳಿದ್ದುವಷ್ಟೆ; ಅವು ಈ ಕಿಣ್ವದ ಹೆಸರಿನವೇ. ಆ ವೈರಸು ಆರ್.ಎನ್.ಎ.ಯದಾದುದರಿಂದ ಅವು ಬೇಕಾದುವು. ಹಟ್ಟಿಯ ವಿಷಯದಲ್ಲಿಯೂ ಹೀಗೆಯೇ: ದನಗಳ ಕಾಲುಬಾಯಿ ರೋಗದ ವೈರಸಿಗೆ ಆರ್.ಟಿ. ಬೇಕು, ಚರ್ಮಗಂಟು ರೋಗದ ವೈರಸು ಡಿ.ಎನ್.ಎ.ಯದಾದುದರಿಂದ ಅದಕ್ಕೆ ಬೇಡ.

ಈ ಒಂದು ಸಂಗತಿಯಿಂದಲೇ ಜಾತಿನಿರ್ಣಯವೂ ಆಗುವುದು. ಒಂದೇ ಎಲೆಯ ಸಾರವನ್ನು ಎರಡು ನಳಿಗೆಗಳಲ್ಲಿ ಹಾಕಿ, ಒಂದಕ್ಕೆ ಆರ್.ಟಿ. ಕಿಣ್ವವನ್ನು ಸೇರಿಸಿ ಇನ್ನೊಂದಕ್ಕೆ ಸೇರಿಸದೆ ಪರೀಕ್ಷಿಸತಕ್ಕದ್ದು. ಸೇರಿಸದ ನಳಿಗೆಯಲ್ಲಿಯೂ ಬೆಳೆ ಬಂದರೆ ಅಲ್ಲಿ ಡಿ.ಎನ್.ಎ. ಇದ್ದಿತೆಂದೂ, ಸೇರಿಸಿದ ನಳಿಗೆಯಲ್ಲಿ ಮಾತ್ರ ಬಂದರೆ ಇದ್ದುದು ಆರ್.ಎನ್.ಎ. ಎಂದೂ ತಿಳಿಯಬೇಕು. ಇದರ ಜೊತೆಗೆ ಬರಿಯ ನೀರಿನ ಒಂದು ನಳಿಗೆ, ಆರೋಗ್ಯವಂತ ಗಿಡದ ಒಂದು ನಳಿಗೆ, ರೋಗವಿದೆಯೆಂದು ಮೊದಲೇ ಖಂಡಿತವಾದ ಎಲೆಯ ಒಂದು ನಳಿಗೆ ಇವೂ ಇರತಕ್ಕದ್ದು. ಈ ಸಾಕ್ಷಿಗಳಿಲ್ಲದೆ ಕೊಟ್ಟ ವರದಿಗೆ ಬೆಲೆಯಿಲ್ಲ. ವರದಿ ತರುವಾಗ ಇವುಗಳ ವಿಷಯವನ್ನು ಕೇಳುವುದಕ್ಕೆ ಯಜಮಾನರು ಸಂಕೋಚಪಡಬೇಕಾದುದಿಲ್ಲ.

ಒಳ್ಳೆಮೆಣಸಿನ ದೃಷ್ಟಾಂತ

ಅಡಕೆ ಮರಕ್ಕೆ ಹಬ್ಬಿಸಿದ ಕರಿಮೆಣಸು, ನಮ್ಮ ಕಡೆಯ ಮಾತಿನಲ್ಲಿ ಒಳ್ಳೆಮೆಣಸು, ಈ ವಿಷಯಕ್ಕೆ ಬಲು ಚೆನ್ನಾದ ಉದಾಹರಣೆಯನ್ನು ಒದಗಿಸುವುದು. ಬಳ್ಳಿಯ ಎಲೆಗಳು ಕಿರಿದಾಗಿ, ಮುದುಡಿ, ತೊಗಲಿನಂತೆ ದಪ್ಪವಾಗಿ, ಹಳದಿ ಮಚ್ಚೆಗಳಿಂದ ಕೂಡಿ, ಗೆಣ್ಣುಗಳ ನಡುವಿನ ಅಂತರವು ಕುಗ್ಗಿ, ಗೆರೆಯಲ್ಲಿ ಕಾಳು ಕಟ್ಟದೆ ಹೋಗುವ ಕುರುಟು ರೋಗವನ್ನು ಅನೇಕರು ನೋಡಿರಬಹುದು. ಒಂದೇ ಬಗೆಯ ಈ ಚಿಹ್ನೆಗಳ ಹಿಂದೆ ಇಬ್ಬರು ಅಪರಾಧಿಗಳಿರುವರು. ಒಂದು, ಸೌತೆಯ ಮೊಸಾಯಿಕ್ ವೈರಸು, ಇದು ಆರ್.ಎನ್.ಎ.ಯದು, ಸಸ್ಯಹೇನುಗಳು ಇದನ್ನು ಹರಡುವುವು. ಇನ್ನೊಂದು, ಮೆಣಸಿನ ಹಳದಿ ಮಚ್ಚೆಯ ವೈರಸು, ಇದು ಡಿ.ಎನ್.ಎ.ಯದು, ಇದನ್ನು ಹರಡುವುವು ಬಿಳಿಯ ಹಿಟ್ಟುತಿಗಣೆಗಳು. ಒಂದೇ ಬಳ್ಳಿಯಲ್ಲಿ ಎರಡೂ ಇರುವುದು ಅಪರೂಪವಲ್ಲ.

ಡಿ.ಎನ್.ಎ.ಯನ್ನು ಮಾತ್ರ ತೆಗೆದು ಸಾದಾ ಪಿ.ಸಿ.ಆರ್. ಮಾಡಿದ ಪ್ರಯೋಗಶಾಲೆಯು ಮೊದಲನೆಯ ವೈರಸಿನ ವಿಷಯದಲ್ಲಿ ಕುರುಡಾಗಿರುವುದು. ಹಾಗೆ "ಇಲ್ಲ" ಎಂದು ಬಂದ ತಾಯಿಬಳ್ಳಿಯಿಂದ ನೂರಾರು ತುಂಡುಗಳನ್ನು ಕತ್ತರಿಸಿ ನರ್ಸರಿಯಲ್ಲಿ ಬೇರು ಬರಿಸಿ ಮೂರು ತಾಲೂಕುಗಳಿಗೂ ಮಾರಿದರೆ, ರೋಗವನ್ನೇ ಪ್ರಮಾಣಪತ್ರ ಸಮೇತ ಹಂಚಿದಂತಾಗುವುದು. ಏಕೆಂದರೆ ಈ ರೋಗವು ದೂರದೂರಕ್ಕೆ ಹೋಗುವುದು ಹುಳುವಿನ ಕಾಲಿನಿಂದಲ್ಲ, ನಟ್ಟ ತುಂಡಿನಿಂದ. ಕೋಳಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ೨೦೦೭ರಲ್ಲಿ ಒಂದೇ ನಳಿಗೆಯಲ್ಲಿ ಈ ಎರಡು ವೈರಸುಗಳನ್ನೂ ಏಕಕಾಲಕ್ಕೆ ಹುಡುಕುವ ಆರ್.ಟಿ. ಪಿ.ಸಿ.ಆರ್. ಕ್ರಮವನ್ನು ಪ್ರಕಟಿಸಿದರು. ನಾಟಿಗಾಗಿ ಬಳ್ಳಿಯನ್ನು ಹೆಚ್ಚು ಮೊತ್ತದಲ್ಲಿ ಕೊಳ್ಳುವ ಭೂಮಾಲಿಕರು, ತಾಯಿಬಳ್ಳಿಗೆ ಎರಡೂ ವೈರಸುಗಳ ಪರೀಕ್ಷೆಯಾಗಿದೆಯೆ ಎಂದು ಮಾರುವವರನ್ನು ಕೇಳುವುದು ಯುಕ್ತ. ರೋಗ ಹತ್ತಿದ ಬಳ್ಳಿಯನ್ನು ಗುಣಪಡಿಸುವ ಔಷಧವು ಇಲ್ಲ.

ಡಿ.ಎನ್.ಎ. ವೈರಸುಗಳ ಪರೀಕ್ಷೆಯಲ್ಲಿ ಇನ್ನೊಂದು ತೊಡಕೂ ಉಂಟು. ಬಾಳೆಯ ಗೀರು ವೈರಸೆಂಬುದು ಮೇಲಿನ ಹಳದಿ ಮಚ್ಚೆಯ ವೈರಸಿನ ದಾಯಾದಿ. ಅದರ ಬರಹದ ಭಾಗಗಳು ಕೆಲವು ಜಾತಿಯ ಬಾಳೆಗಳ ಸ್ವಂತ ಡಿ.ಎನ್.ಎ.ಯೊಳಗೇ, ಹಳೆಯ ಕಾಲದಲ್ಲಿ ನುಸುಳಿದ ಒಕ್ಕಲಿನಂತೆ, ಸೇರಿಕೊಂಡು ತಲೆತಲಾಂತರವಾಗಿ ಬಂದಿರುವುವು. ಅಂತಹ ಬಾಳೆಯು ಆರೋಗ್ಯವಾಗಿದ್ದರೂ ಸಾದಾ ಪಿ.ಸಿ.ಆರ್. "ಇದೆ" ಎಂದು ಹೇಳಿಬಿಡುವುದು. ಇಲ್ಲಿ ಡಿ.ಎನ್.ಎ.ಯನ್ನು ಡಿ.ಎನ್.ಏಸ್ ಕಿಣ್ವದಿಂದ ಪೂರ್ತಿಯಾಗಿ ಅಳಿಸಿ, ಉಳಿದ ಆರ್.ಎನ್.ಎ.ಯನ್ನು ಆರ್.ಟಿ. ಕ್ರಮದಿಂದ ಪರೀಕ್ಷಿಸಿದರೆ, ಆ ಬರಹವು ಕಡತದಲ್ಲಿ ಸುಮ್ಮನೆ ಬಿದ್ದಿದೆಯೋ ಇಲ್ಲವೆ ಕೆಲಸ ನಡೆಸುತ್ತಿದೆಯೋ ಎಂಬುದಕ್ಕೆ ಒಂದು ಸುಳಿವು ಸಿಕ್ಕುವುದು. ಡಿ.ಎನ್.ಎ. ವೈರಸಿಗೂ ಆರ್.ಎನ್.ಎ. ಪರೀಕ್ಷೆಯು ಉಪಯೋಗಕ್ಕೆ ಬರುವ ಸಂದರ್ಭವು ಇದು. ಬಾಳೆಯ ಎಲೆಗಳು ತುದಿಯಲ್ಲಿ ಗುಚ್ಛವಾಗಿ ನಿಲ್ಲುವ ರೋಗದ ವೈರಸೂ ಡಿ.ಎನ್.ಎ.ಯದೇ, ಏಲಕ್ಕಿಯ ಕಟ್ಟೆರೋಗದ್ದು ಆರ್.ಎನ್.ಎ.ಯದು.

ಅಡಕೆಯ ಹಳದಿ ಎಲೆ ರೋಗ

ಈಗ ಮುಖ್ಯ ವಿಷಯಕ್ಕೆ ಬರುವೆವು. ೧೯೧೪ರ ಸುಮಾರಿಗೆ ಮಧ್ಯ ಕೇರಳದಲ್ಲಿ ಮೊದಲಾಗಿ ಕಾಣಿಸಿಕೊಂಡ ಈ ರೋಗದಲ್ಲಿ, ಹೊರಸುತ್ತಿನ ಎರಡು ಮೂರು ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತ ಬರುವುವು. ನಡುನರದ ಎಡೆಯಲ್ಲಿ ಹಸುರು ಉಳಿದು, ಹಳದಿಗೂ ಹಸುರಿಗೂ ಗಡಿಯೆಳೆದಂತೆ ಕಾಣುವುದು. ಕಾಯಿ ಉದುರುವುದು, ಅಡಕೆಯ ತಿರುಳು ಕಪ್ಪಾಗಿ ಮೆತ್ತಗಾಗುವುದು, ಬೇರಿನ ತುದಿಗಳು ಕೊಳೆಯುವುವು. ಕ್ರಮೇಣ ಮಂಡೆಯು ಕಿರಿದಾಗುವುದು. ೧೯೭೮ರಲ್ಲಿ ನಾಯರ್ ಮತ್ತು ಸೆಲಿಸ್ಕರ್ ಎಂಬವರು ರೋಗದ ಮರದ ಅಂಗಾಂಶವನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಪೋಷಕರಸವು ಹರಿಯುವ ನಾಳಗಳಲ್ಲಿ ಕೋಶಭಿತ್ತಿಯಿಲ್ಲದ ಅತಿ ಸಣ್ಣ ಜೀವಿಗಳನ್ನು ಕಂಡರು. ಇವಕ್ಕೆ ಈಗ ಫೈಟೋಪ್ಲಾಸ್ಮ ಎಂದು ಹೆಸರು. ಪ್ರೌಟಿಸ್ಟ ಮೊಯೆಸ್ಟ ಎಂಬ ಪುಟ್ಟ ಜಿಗಿಹುಳವು ಇದನ್ನು ಮರದಿಂದ ಮರಕ್ಕೆ ಒಯ್ಯುವುದೆಂದು ಅನಂತರದ ಪ್ರಯೋಗಗಳಿಂದ ಗೊತ್ತಾಯಿತು.

ಫೈಟೋಪ್ಲಾಸ್ಮವು ವೈರಸಲ್ಲ, ಬಾಕ್ಟೀರಿಯದ ಕುಲದ್ದು. ಆದುದರಿಂದ ಅದರಲ್ಲಿ ಡಿ.ಎನ್.ಎ.ಯೂ ಆರ್.ಎನ್.ಎ.ಯೂ ಎರಡೂ ಇರುವುವು. ಪರೀಕ್ಷೆಯು ಸಾಮಾನ್ಯವಾಗಿ ಅದರ ಡಿ.ಎನ್.ಎ.ಯ ಮೇಲೆ ನಡೆಯುವುದು. ವರದಿಯಲ್ಲಿ "೧೬ ಎಸ್ ರೈಬೋಸೋಮ್ ಆರ್.ಎನ್.ಎ. ಜೀನ್" ಎಂಬ ಮಾತು ಬರುವುದರಿಂದ, ಇದು ಆರ್.ಎನ್.ಎ. ಪರೀಕ್ಷೆಯೆಂದು ಓದಿದವರೂ ಭ್ರಮಿಸುವುದುಂಟು. ಆ ಹೆಸರಿನ ಆರ್.ಎನ್.ಎ.ಯನ್ನು ತಯಾರಿಸುವ ವಿಧಿಯು ಬರೆದಿರುವುದು ಡಿ.ಎನ್.ಎ.ಯಲ್ಲಿ, ಪಿ.ಸಿ.ಆರ್. ಓದುವುದು ಆ ವಿಧಿಯನ್ನೇ. ಮರದೊಳಗೆ ಈ ಜೀವಿಯು ಅತ್ಯಲ್ಪವಾಗಿಯೂ ಎಲ್ಲ ಭಾಗಗಳಲ್ಲಿ ಒಂದೇ ಸಮನಾಗಿ ಹರಡದೆಯೂ ಇರುವುದರಿಂದ, ಒಂದು ಸಲದ ಪಿ.ಸಿ.ಆರ್. ಸಾಲದೆ, ಮೊದಲ ಸಲ ಬಂದ ಫಲದ ಮೇಲೆಯೇ ಎರಡನೆಯ ಸಲ ಒಳತುಣುಕುಗಳಿಂದ ಮತ್ತೊಮ್ಮೆ ನಡೆಸುವುದು ವಾಡಿಕೆ. ಇದಕ್ಕೆ ಮೇಲಾಗಿ ಅಡಕೆಯ ಎಲೆಯಲ್ಲಿರುವ ಒಗರು ಪದಾರ್ಥಗಳು ಡಿ.ಎನ್.ಎ.ಗೆ ಅಂಟಿಕೊಂಡು ಕಿಣ್ವವನ್ನೇ ಕೆಲಸ ಮಾಡಗೊಡವು. ಆದಕಾರಣ ರೋಗದ ಚಿಹ್ನೆಗಳು ಸ್ಪಷ್ಟವಾಗಿದ್ದು ಪರೀಕ್ಷೆಯು "ಇಲ್ಲ" ಎಂದರೆ, ಅದೇ ಸಾರದಲ್ಲಿ ಅಡಕೆ ಮರದ ಸ್ವಂತ ಜೀನ್ ಒಂದನ್ನು ಹುಡುಕಿ ನೋಡಲಾಗಿದೆಯೆ ಎಂದು ವಿಚಾರಿಸಬೇಕು. ಅದೂ ಸಿಕ್ಕದಿದ್ದರೆ ಕೆಟ್ಟುದು ಸಾರವೇ ಹೊರತು ಮರವು ನಿರ್ದೋಷಿಯೆಂದು ಅರ್ಥವಲ್ಲ.

ಚೀನ ದೇಶದ ಹೈನಾನ್ ದ್ವೀಪದಲ್ಲಿಯೂ ಅಡಕೆಯನ್ನು ವಿಸ್ತಾರವಾಗಿ ಬೆಳೆಯುವರು. ಅಲ್ಲಿಯೂ ಹಳದಿ ಎಲೆ ರೋಗವಿದೆ. ಅಲ್ಲಿಯವರು ೨೦೧೦ರಲ್ಲಿ ಫೈಟೋಪ್ಲಾಸ್ಮವನ್ನೇ ಕಾರಣವೆಂದು ವರದಿ ಮಾಡಿದ್ದರು. ೨೦೧೫ರಲ್ಲಿ ಅದೇ ದ್ವೀಪದ ಅಡಕೆಯಿಂದ ವೆಲಾರಿವೈರಸ್ ಎಂಬ ಆರ್.ಎನ್.ಎ. ವೈರಸಿನ ಪೂರ್ಣ ಬರಹವು ಓದಲ್ಪಟ್ಟಿತು; ೨೦೨೦ರ ಹೊತ್ತಿಗೆ ಆ ವೈರಸಿಗೂ ಹಳದಿ ರೋಗಕ್ಕೂ ನಿಕಟ ಸಂಬಂಧವಿದೆಯೆಂದು ಅಲ್ಲಿಯ ಸಂಶೋಧಕರು ತೋರಿಸಿದರು. ಡಿ.ಎನ್.ಎ.ಯನ್ನು ಮಾತ್ರ ಹುಡುಕುತ್ತ ಇದ್ದಿದ್ದರೆ ಈ ವೈರಸು ಎಂದಿಗೂ ಬಲೆಗೆ ಬೀಳುತ್ತಿರಲಿಲ್ಲ. ಈ ವೈರಸನ್ನು ಹರಡುವುವು ಹಿಟ್ಟುತಿಗಣೆಗಳು. ನಮ್ಮಲ್ಲಿ ಫೈಟೋಪ್ಲಾಸ್ಮವನ್ನು ಹರಡುವುದು ಜಿಗಿಹುಳ. ಎರಡರ ಬದುಕೂ ಬೇರೆ, ತಡೆಯುವ ದಾರಿಯೂ ಬೇರೆ. ಅಲ್ಲಿಯ ನಿರ್ಣಯವನ್ನು ಹಾಗೆಯೇ ಎತ್ತಿಕೊಂಡು ಸಂಪಾಜೆಯ ತೋಟಕ್ಕೆ ಅನ್ವಯಿಸುವುದು ಸರಿಯಲ್ಲ. ಆದರೆ ಸುಳ್ಯದ ಹಳದಿ ಎಲೆಯನ್ನು ಪರೀಕ್ಷಿಸುವಾಗ ಫೈಟೋಪ್ಲಾಸ್ಮಕ್ಕಾಗಿ ಡಿ.ಎನ್.ಎ.ಯನ್ನೂ ವೈರಸಿಗಾಗಿ ಆರ್.ಎನ್.ಎ.ಯನ್ನೂ ಎರಡನ್ನೂ ತೆಗೆದು ನೋಡುವುದೇ ವಿವೇಕವೆಂಬುದು ನಮ್ಮ ಅಭಿಪ್ರಾಯ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು, ರೋಗವು ತೀವ್ರವಾಗಿ ಹಬ್ಬಿದ ತೋಟಗಳ ಮಧ್ಯದಲ್ಲಿ ಹಸುರಾಗಿಯೇ ಉಳಿದು ಫಲ ಕೊಡುತ್ತಿರುವ ಮರಗಳನ್ನು ಗುರುತಿಸಿ, ಅವುಗಳಿಂದ ಸಹಿಷ್ಣುವಾದ ಸಂತತಿಯನ್ನು ಪಡೆಯುವ ಕೆಲಸವನ್ನು ಕೈಕೊಂಡಿರುವರು. ಇಂತಹ ಮರವು ನಿಜವಾಗಿ ರೋಗವನ್ನು ತಡೆದುಕೊಂಡುದೋ, ಅಥವಾ ರೋಗವು ಇನ್ನೂ ಅದನ್ನು ಮುಟ್ಟಿಲ್ಲವೋ ಎಂಬುದನ್ನು ಹೊರಗಿನ ಬಣ್ಣವು ಹೇಳದು. ಹಲವು ವರ್ಷಗಳಲ್ಲಿ ಮತ್ತೆ ಮತ್ತೆ ಮಾಡಿದ ಪರೀಕ್ಷೆಯೇ ಹೇಳಬೇಕು. ನಿಮ್ಮ ತೋಟದಲ್ಲಿ ಅಂತಹ ಮರವಿದ್ದರೆ ಕಡಿಯದೆ ಗುರುತು ಹಾಕಿ ಇಡತಕ್ಕದ್ದು. ಇದೇ ಸಂಸ್ಥೆಯ ವಿಟ್ಲದ ಕೇಂದ್ರವು ೧೯೫೬ರಿಂದಲೂ ಅಡಕೆಯ ಕೆಲಸವನ್ನು ನಡೆಸುತ್ತ ಬಂದಿದೆ. ಕಡಬ ತಾಲೂಕಿನ ನೆಟ್ಟಣದ ಬಳಿಯ ಕಿದು ಕೇಂದ್ರದಲ್ಲಿ ದೇಶವಿದೇಶಗಳ ತೆಂಗಿನ ತಳಿಗಳ ಸಂಗ್ರಹವಿದೆ.

ಎಲೆಯನ್ನು ಕಳುಹಿಸುವ ಕ್ರಮ

ಹಳದಿಯಾದುದೆಲ್ಲ ಹಳದಿ ರೋಗವಲ್ಲ. ನೀರು ನಿಂತರೂ, ಸಾರಜನಕ ಮೆಗ್ನೀಸಿಯಗಳು ಕಡಿಮೆಯಾದರೂ, ಪಡುವಣ ಬಿಸಿಲು ತಾಗಿದರೂ ಸೋಗೆಯು ಹಳದಿಯಾಗುವುದು. ಬಸಿಗಾಲುವೆಯನ್ನು ತೆರೆದು, ಮಣ್ಣನ್ನು ಪರೀಕ್ಷೆ ಮಾಡಿಸಿ, ಗೊಬ್ಬರ ಸುಣ್ಣಗಳನ್ನು ಕೊಟ್ಟು ನೋಡಿದ ಮೇಲೆಯೂ ಗುಣ ಕಾಣದಿದ್ದರೆ ಪ್ರಯೋಗಶಾಲೆಯ ಮಾತು.

ತಳಿಯ ಗುರುತಿಗಾಗಿ ಎಲೆ ಕಳುಹಿಸುವುದಾದರೆ ಚಿಂತೆಯಿಲ್ಲ. ಉದಾಹರಣೆಗೆ, ನರ್ಸರಿಯಿಂದ ತಂದ ಗೇರು ಕಸಿಯು ಪುತ್ತೂರಿನಲ್ಲಿ ಬಿಡುಗಡೆಯಾದ ಭಾಸ್ಕರ ತಳಿಯದು ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಡಿ.ಎನ್.ಎ.ಯೊಂದೇ ಸಾಕು, ಸಿಲಿಕಾ ಕಣಗಳೊಡನೆ ಒಣಗಿಸಿದ ಎಲೆಯಿಂದಲೂ ಅದು ಸಿಕ್ಕುವುದು. ಮೊಟ್ಟೆತ್ತಡ್ಕದ ಗೇರು ಸಂಶೋಧನಾ ನಿರ್ದೇಶನಾಲಯವು ೧೯೮೬ರಲ್ಲಿ ಸಂಶೋಧನಾ ಕೇಂದ್ರವಾಗಿ ಆರಂಭವಾದುದು. ಗೇರಿನ ವಿಚಾರಕ್ಕೆ ಅಲ್ಲಿಗೆ ಹೋಗಬಹುದು. ಆದರೆ ವೈರಸಿನ ಸಂಶಯವಿದ್ದರೆ ಎಲೆಯು ಬಾಡುವ ಮೊದಲೇ ಪ್ರಯೋಗಶಾಲೆಯನ್ನು ಸೇರಬೇಕು. ಒದ್ದೆಯಾದ ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ, ಗಾಳಿಯಾಡದಂತೆ ಕಟ್ಟಿ, ಬಸ್ಸಿನ ಚಾವಣಿಯ ಮೇಲೆ ಬಿಸಿಲಿನಲ್ಲಿ ಕಳುಹಿಸಿದರೆ, ಅಲ್ಲಿಗೆ ತಲಪುವುದು ಕೊಳೆತ ಹುಲ್ಲು, ಆರ್.ಎನ್.ಎ.ಯು ದಾರಿಯಲ್ಲಿಯೇ ತೀರಿರುವುದು. ಪ್ರಯೋಗಶಾಲೆಯು "ಇಲ್ಲ" ಎನ್ನುವುದು, ಯಜಮಾನರು ನಂಬುವರು.

ಆದುದರಿಂದ ಮುಂಜಾನೆ ತಂಪಿನಲ್ಲಿ ಎಲೆಯನ್ನು ತೆಗೆಯತಕ್ಕದ್ದು. ಪೂರ್ತಿ ಒಣಗಿದ ಸೋಗೆಯನ್ನು ಕಳುಹಿಸಬಾರದು. ರೋಗವು ಈಗತಾನೆ ಕಾಣುತ್ತಿರುವ ಗರಿಗಳೊಡನೆ, ಫೈಟೋಪ್ಲಾಸ್ಮದ ಪರೀಕ್ಷೆಗಾಗಿ ಎಳೆಯ ಭಾಗವನ್ನೂ ಕಳುಹಿಸಬೇಕು. ಮರದ ಯಾವ ಭಾಗ ಎಷ್ಟು ಬೇಕೆಂಬುದನ್ನು ಪ್ರಯೋಗಶಾಲೆಯವರನ್ನು ಮೊದಲೇ ಕೇಳಿಕೊಳ್ಳುವುದು ಲೇಸು. ಗರಿಗಳ ಮೇಲಿನ ನೀರನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡಬೇಕು. ಎಲೆಯು ಮಂಜುಗಡ್ಡೆಯ ನೀರಿನಲ್ಲಿ ನೆನೆಯಬಾರದು. ಅದೇ ದಿನ ಇಲ್ಲವೆ ಮರುದಿನದೊಳಗೆ ಆಳಿನ ಕೈಯಲ್ಲಿಯೇ ಕಳುಹಿಸುವುದು ಉತ್ತಮ. ಒಂದು ಮರ ಸಾಲದು. ರೋಗದ ಮೂರು ನಾಲ್ಕು ಮರಗಳದ್ದೂ, ಅದೇ ತೋಟದ ಹಸುರಾದ ಒಂದು ಮರದ್ದೂ ಬೇರೆ ಬೇರೆ ಕಟ್ಟುಗಳಾಗಿರಬೇಕು. ಬೇರು ಸಹಿತ ಗಿಡವನ್ನಾಗಲಿ ಹುಳಗಳಿರುವ ಸೋಗೆಯನ್ನಾಗಲಿ ರೋಗವಿಲ್ಲದ ಗ್ರಾಮಗಳ ಮೂಲಕ ಸಾಗಿಸಕೂಡದು.

ಪ್ರತಿಯೊಂದು ಕಟ್ಟಿನ ಮೇಲೆಯೂ ಪೆನ್ಸಿಲಿನಿಂದ ಗ್ರಾಮದ ಹೆಸರು, ಸರ್ವೆ ನಂಬ್ರ, ಮರದ ವಯಸ್ಸು, ಎಲೆ ತೆಗೆದ ದಿನ ಮತ್ತು ಗಳಿಗೆ, ಹಳದಿಯು ಮೊದಲು ಕಂಡ ವರ್ಷ ಇಷ್ಟನ್ನು ಬರೆಯಬೇಕು. ಶಾಯಿಯು ನೀರಿಗೆ ಅಳಿಸುವುದು. ಅದರ ಕೆಳಗೆ "ಡಿ.ಎನ್.ಎ., ಆರ್.ಎನ್.ಎ. ಎರಡೂ ಪರೀಕ್ಷೆ ಬೇಕು" ಎಂದು ಕಾಣಿಸಿದರೆ, ಎಲೆಯನ್ನು ತೆಗೆದುಕೊಳ್ಳುವವರು ಆರ್.ಎನ್.ಎ.ಯ ಪಾಲನ್ನು ಒಡನೆಯೇ ಬೇರ್ಪಡಿಸಿ ಅತಿ ಶೀತದಲ್ಲಿ ಇಡುವರು.